ಎರಡಿಂಚು

ಎಂಟನೇ ಕ್ಲಾಸಿಗೆ ಬಂದಾಗ ಮಗಳಿಗೆ
ಸರ್ಕಾರ ಕೊಟ್ಟ ಸೈಕಲ್ಲು ಇದು.
ಗೇರಿಲ್ಲ. ಮುಂದೊಂದು ತಂತಿಬುಟ್ಟಿ,
ಚೈನಿನ ಡಬ್ಬಕ್ಕೆ ಸುತ್ತಿದ ಹಳೇ ಲಾಡಿ.
ಅವಳು ಸ್ಕೂಟಿ ಹತ್ತಿದ ಮೇಲೆ ನಾನಿದನ್ನು ಹತ್ತಿದೆ,
ನಲವತ್ತೊಂದರಲ್ಲಿ,
ಬಡಾವಣೆಯ ಖಾಲಿ ಸೈಟುಗಳ ನಡುವೆ, ಕತ್ತಲಾದ ಮೇಲೆ,
ಬಿದ್ದದ್ದು ಯಾರಿಗೂ ಕಾಣದ ಹಾಗೆ.

ಆಮೇಲೆ ಐದು ವರ್ಷ ದಿನಕ್ಕೆ ನಾಲ್ಕೇ ಕಿಲೋಮೀಟರು:
ಮನೆ, ಸ್ಕೂಲಿನ ಬಿಸಿಯೂಟದ ಒಲೆ, ಮನೆ.

ಆ ಭಾನುವಾರ ಐದಕ್ಕೇ ಎದ್ದು
ನಾಲ್ಕು ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡೆ.
ಗಂಡ ಮಗ್ಗುಲಾಗಿ ಕೇಳಿದ: ಎಲ್ಗೆ?
ಮಂಡ್ಯಕ್ಕೆ, ಅಂದೆ.
ಇರೋದೇ ಮಂಡ್ಯದಲ್ಲಲ್ವಾ?
ಹೂಂ. ಸುತ್ಕೊಂಡ್ ಬತ್ತೀನಿ.

ಮಳವಳ್ಳಿ ಹೊತ್ತಿಗೆ ಬಿಸಿಲು.
ಕಬ್ಬಿನ ಲಾರಿಗಳ ಗಾಳಿ ಮೊದಲು ತಳ್ಳಿ ಆಮೇಲೆ ಎಳೆಯುತ್ತದೆ,
ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರೂ ಒಂದು ಕೈ ಅಲ್ಲೇ.
ಹಿಂದಿನಿಂದ ಬಂದರು ಆರು ಜನ,
ಹೆಲ್ಮೆಟ್ಟು, ಮೈಗಂಟಿದ ಹಳದಿ ಅಂಗಿ, ಬೆರಳಗಲದ ಟೈರು.
ಒಬ್ಬ ನಿಧಾನಿಸಿದ: ಎಷ್ಟಾಯ್ತು ಆಂಟಿ?
ನಿಂದೆಷ್ಟಪ್ಪ?
ಹ್ಯಾಂಡಲ್ಲಿನ ಮೀಟರು ನೋಡಿ ಹೇಳಿದ:
ಐವತ್ತೆರಡು ಪಾಯಿಂಟ್ ಆರು.
ನಂದು ಒಂದೂವರೆ ರೊಟ್ಟಿ.
ನಗುತ್ತಾ ಹೋದ, ಹೋಗಿ ಚುಕ್ಕಿಯಾದ.

ಕಿರುಗಾವಲಿನಲ್ಲಿ ಗಾಳಿ ಹೊಡೆಸಲು ನಿಂತೆ.
ಮಂಡಿ ಆಗಲೇ ಮಾತಾಡಲು ಶುರು ಮಾಡಿತ್ತು.
ಪಂಪು ಒತ್ತುತ್ತಾ ಒತ್ತುತ್ತಾ ಅನ್ಸರ್ ಪಾಷಾ
ನನ್ನನ್ನಲ್ಲ, ಸೈಕಲ್ಲನ್ನೇ ನೋಡುತ್ತಿದ್ದರು.
ಈ ಸೀಟು ಯಾರದಮ್ಮ?
ಮಗಳದು.
ಎಷ್ಟು ವಯಸ್ಸು ಮಗಳಿಗೆ?
ಇಪ್ಪತ್ತಮೂರು.
ಅಲ್ಲಲ್ಲ, ಈ ಸೀಟಿನಲ್ಲಿರೋ ಮಗಳಿಗೆ?

ಹದಿಮೂರು, ಅಂದೆ. ನನ್ನ ದನಿ ನನಗೇ ಕೇಳಿಸಿತು.
ಇಷ್ಟು ವರ್ಷ ಅವಳ ಎತ್ತರದ ಮೇಲೆ ಕೂತು
ಮಂಡಿ ಎದೆಗೆ ಬಡಿಯುತ್ತಾ ತುಳಿದಿದ್ದೆ;
ಬದಲಿಸಬಹುದು ಅಂತ ತೋಚಿರಲಿಲ್ಲ,
ತೋಚಿದ್ದರೂ ಬಹುಶಃ ಬಿಡುತ್ತಿರಲಿಲ್ಲ.
ಪಾನಾ ಹಾಕಿ ಎರಡು ಸುತ್ತು, ಸೀಟು ಕಿರುಗುಟ್ಟಿ ಮೇಲೆ ಬಂತು.
ದುಡ್ಡು ಬೇಡವೆಂದರು. ಅರ್ಧ ರೊಟ್ಟಿ ತೆಗೆದುಕೊಂಡರು.

ಎರಡಿಂಚಿಗೆ ಲೋಕ ಬೇರೆ ಕಾಣುತ್ತದೆ ಅನ್ನುವುದು ಸುಳ್ಳು.
ಬನ್ನೂರಿನ ಕುರಿಗಳು ಕುರಿಗಳೇ. ದೂಳು ದೂಳೇ.
ಮಂಡಿ ಮಾತ್ರ ಬಾಯಿ ಮುಚ್ಚಿತು.
ಸೇತುವೆಯ ಇಳಿಜಾರಿನಲ್ಲಿ ಕಾಲು ಪೂರಾ ಚಾಚಿದಾಗ
ತೊಡೆಯಿಂದ ಹಿಮ್ಮಡಿವರೆಗೆ ಏನೋ ಒಂದು
ಮಡಚಿಟ್ಟ ಸೀರೆ ಬಿಚ್ಚಿದ ಹಾಗೆ.

ಮೈಸೂರಿನಲ್ಲಿ ಅರಮನೆ ಕಡೆಗೆ ತಿರುಗಲಿಲ್ಲ.
ಮಾರ್ಕೆಟ್ಟಿನ ಬಳಿ ಕಬ್ಬಿನಹಾಲು ಕುಡಿದೆ,
ಮಂಡ್ಯದವಳು, ಇಪ್ಪತ್ತು ರೂಪಾಯಿ ಕೊಟ್ಟು!
ಇದನ್ನು ಮನೆಯಲ್ಲಿ ಹೇಳಿಲ್ಲ.

ವಾಪಸು ಬರುವಾಗ ದೊಡ್ಡ ಹೈವೇಗೆ ನಮ್ಮನ್ನು ಬಿಡುವುದಿಲ್ಲ,
ಪಕ್ಕದ ರಸ್ತೆ: ಎಳನೀರು, ಎಮ್ಮೆ, ಎದುರಿಂದ ಬರುವ ಆಟೋ.
ಶ್ರೀರಂಗಪಟ್ಟಣದಲ್ಲಿ ಮತ್ತೆರಡು ಸಲ ಕಾವೇರಿ.
ಬೆಳಗಿನಿಂದ ಮೂರು ಸಲ ದಾಟಿದೆ,
ಎಲ್ಲಿಗೆ ಅಂತ ಕೇಳದವಳು ಅವಳೊಬ್ಬಳೇ.

ಯಲಿಯೂರಿನ ಹತ್ತಿರ ಕತ್ತಲು.
ಬುಟ್ಟಿಯೊಳಗೆ ಮೊಬೈಲಿನ ಟಾರ್ಚು ಹಚ್ಚಿಟ್ಟೆ.
ಬುಟ್ಟಿಯ ತಂತಿಗಳೆಲ್ಲ ರಸ್ತೆಯ ಮೇಲೆ ಬಲೆಯಾಗಿ ಬಿದ್ದವು,
ಆ ಬಲೆಯನ್ನೇ ಅಟ್ಟಿಸಿಕೊಂಡು ಬಂದೆ ಮನೆವರೆಗೆ,
ಒಂದು ಹುಳವೂ ಸಿಗಲಿಲ್ಲ.

ಗಂಡ ಲೆಕ್ಕ ಹಾಕಿದ: ನೂರಾ ಮೂವತ್ತಾಗಿರಬೇಕು.
ಮಗಳು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದಳು.
ಸೀಟಿನ ಕೆಳಗೆ, ಹತ್ತು ವರ್ಷ ಕೊಳವೆಯೊಳಗೆ ಮುಚ್ಚಿದ್ದ
ಎರಡಿಂಚು ಉಕ್ಕು
ತುಕ್ಕಿಲ್ಲದೆ ಹೊಳೆಯುತ್ತಿತ್ತು.
ಸ್ಟ್ಯಾಂಡಿನ ಮೇಲೆಯೇ ಹತ್ತಿ ಕೂತಳು.
ಅಮ್ಮ, ಕಾಲು ಎಟಕ್ತಾ ಇಲ್ಲ.
ನಿಂಗೆ ಸ್ಕೂಟಿ ಇದ್ಯಲ್ಲ, ಅಂದೆ,
ಮುದ್ದೆಗೆ ಎಸರಿಟ್ಟೆ.

ನಾಳೆ ಸೋಮವಾರ.
ನೂರಾ ಎಂಬತ್ತು ಮಕ್ಕಳ ಅನ್ನ.
ನಾಲ್ಕೇ ಕಿಲೋಮೀಟರು.