ನಲವತ್ತೊಂದು

ಬೆಳಿಗ್ಗೆ ಹೊರಟಾಗ ಎಪ್ಪತ್ತೆಂಟು ಅಂದಿತ್ತು.
ಹೀಟರಿನ ಗುಂಡಿ ಒತ್ತಿದೆ: ಅರವತ್ತೊಂದು.
ಒತ್ತಿದ್ದನ್ನು ಆರಿಸಿದೆ: ಎಪ್ಪತ್ತು.
ನಡುವೆ ಕಳೆದ ಎಂಟು ಎಲ್ಲಿಗೆ ಹೋದವೆಂದು
ಯಾರನ್ನು ಕೇಳುವುದು?

ವೆಸ್ಟೆರೋಲನ್ ದ್ವೀಪಗಳಲ್ಲಿ ಡಿಸೆಂಬರಿಗೆ ಸೂರ್ಯನ ರಜೆ.
ಹನ್ನೊಂದಕ್ಕೆ ಸಮುದ್ರದ ಅಂಚು ನೀಲಿಗೆ ತಿರುಗಿ
ಒಂದಕ್ಕೆ ಮತ್ತೆ ಮುಚ್ಚಿಕೊಳ್ಳುತ್ತದೆ.
ಆ ಎರಡು ಗಂಟೆಯಲ್ಲಿ ನಾನು
ಉಣ್ಣೆಟೊಪ್ಪಿ, ಎರಡು ಜೊತೆ ಕೈಗವಸು,
ಮೊಣಕಾಲ ಮೇಲೆ ಅಕ್ಕನ ಹಳೆಯ ಕಂಬಳಿ,
ಬಿಸ್ಕತ್ತಿನ ಡಬ್ಬಿಯಂಥ ಕಾರಿನಲ್ಲಿ
ಯಾರದೋ ಪಿಯಾನೋ ಶ್ರುತಿ ಮಾಡಲು ಹೋಗುತ್ತಿರುತ್ತೇನೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಇದರ ಹಾಸಿಗೆ ವರ್ಷಕ್ಕೊಂದು ಗೇಣು
ತಾನಾಗಿಯೇ ಮೊಟಕಾಗುತ್ತದೆ.
ಕೊಂಡ ಹೊಸದರಲ್ಲಿ, ಬೇಸಿಗೆಯಲ್ಲಿ, ನೂರಮೂವತ್ತು.
ಈಗ ನನಗೆ ದೇಶವೆಂದರೆ ಪ್ಲಗ್ಗಿನಿಂದ ಪ್ಲಗ್ಗಿಗೆ.
ಸಹಕಾರಿ ಅಂಗಡಿಯ ಹಿಂಬದಿ ಒಂದು,
ದೋಣಿಕಟ್ಟೆಯಲ್ಲೊಂದು, ಅದು ಕೆಟ್ಟಿರುತ್ತದೆ,
ಪಾದ್ರಿಯ ಗ್ಯಾರೇಜು,
ಆಮೇಲೆ ಗುಡ್ಡದಾಚೆ ಗುನ್‌ವೋರಳ ಕುರಿದೊಡ್ಡಿ.

ಬೆರಳು ಬೆಚ್ಚಗಿದ್ದರೆ ದೂರ ಸಾಲದು.
ದೂರ ಸಾಕೆಂದರೆ ಬೆರಳು ಕೊರಡು.
ಕೊರಡಾದ ಬೆರಳಿಗೆ ಕೂದಲೆಳೆಯಷ್ಟು ತಿರುಪು ತಿರುಗಿಸಲು ಬಾರದು.
ಹಾಗಾಗಿ ಹೋದ ಮನೆಯಲ್ಲೆಲ್ಲ ಮೊದಲು
ಬಿಸಿನೀರಿನ ಬೋಗುಣಿ ಕೇಳುತ್ತೇನೆ.
ಮಕ್ಕಳು ಬಾಗಿಲ ಸಂದಿಯಲ್ಲಿ ಪಿಸುಗುಡುತ್ತವೆ:
ಡಾಕ್ಟರು ಕೈ ತೊಳೀತಾ ಇದಾರೆ, ಈಗ ಪಿಯಾನೋ ಕೊಯ್ತಾರೆ.

ಗುನ್‌ವೋರಳ ಮನೆಯಲ್ಲಿ ಪಿಯಾನೋ ಇಲ್ಲ.
ಪ್ಲಗ್ಗು ಇದೆ.
ದೊಡ್ಡಿಯಿಂದ ಕಿತ್ತಳೆ ವೈರು ಎಳೆತಂದು
ಕಾರಿನ ಮೂತಿಗೆ ಸಿಕ್ಕಿಸುತ್ತಾಳೆ,
ತಬ್ಬಲಿ ಕುರಿಮರಿಗೆ ಬಾಟಲಿ ಹಿಡಿದ ಹಾಗೆ,
ಅದೇ ಬೈಗುಳದ ಸಮೇತ.
ನಾಲ್ಕು ಗಂಟೆ, ಕೆಲವೊಮ್ಮೆ ಐದು.
ಕಾಫಿ, ಒಣಮೀನು, ಮೂರನೆಯ ಗಂಟೆಗೆ
ಮಾತು ಮುಗಿದ ಮೇಲಿನ ಮಾತು.

ಒಮ್ಮೆ ಅಂದಳು: ಈ ಫ್ರಿಜ್ಜು ಅಪಸ್ವರ ನುಡಿಯುತ್ತದೆ,
ನೋಡು ಸ್ವಲ್ಪ.
ಕಿವಿಯಿಟ್ಟೆ. ಒಂದು ಕಾಲಿನಡಿ
ಮಡಚಿದ ರಟ್ಟು ತುರುಕಿದೆ.
ಗುಂಯ್‌ ಅನ್ನುವುದು ಒಂದೆಳೆ ಇಳಿದು
ಹೊರಗೆ ಚಾರ್ಜರಿನ ಗುಂಯ್‌ಗೆ ಜೊತೆಗೂಡಿತು.
ಲೆಕ್ಕಕ್ಕೆ ಲೆಕ್ಕ, ಅಂದಳು.
ಆವತ್ತು ಕರೆಂಟಿನ ದುಡ್ಡು ಮುಟ್ಟಲಿಲ್ಲ.

ಮೊನ್ನೆ ಪೇಟೆಯ ಶೋರೂಮಿನಲ್ಲಿ
ಹೊಸ ಕಾರೊಂದರಲ್ಲಿ ಕೂತು ನೋಡಿದೆ.
ನಾನೂರ ಎಂಬತ್ತು.
ಸೀಟೂ ಬಿಸಿ, ಸ್ಟೇರಿಂಗೂ ಬಿಸಿ.
ಕೂತಲ್ಲೇ ಹೊರಟೆ. ಅಂಗಡಿ ದಾಟಿತು, ಪಾದ್ರಿ ದಾಟಿದ,
ಗುಡ್ಡ, ದೊಡ್ಡಿ, ಕಿತ್ತಳೆ ವೈರು,
ಸರ್ರನೆ ಹಿಂಗನ್ನಡಿಯೊಳಗೆ.
ಏನು ಯೋಚನೆ, ಅಂದ ಮಾರುವ ಹುಡುಗ.
ಸೀಟು ಬಿಸಿಯಾಯಿತು, ಅಂದೆ.

ಗುನ್‌ವೋರಳಿಗೆ ಹೇಳಿದೆ. ಹೇಳಿ,
ಮುಖದಲ್ಲೇನಾದರೂ ಕಂಡೀತೆಂದು ಕಾದೆ.
ತಗೋ ಮಾರಾಯ, ಅಂದಳು,
ನಿನಗೆ ಕಾಫಿ ಕಾಸಿ ಕಾಸಿ ಸಾಕಾಗಿದೆ.
ಆಮೇಲೆ ಕೆಟಲು ಬಗ್ಗಿಸಿ
ಬೋಗುಣಿಗೆ ಬಿಸಿನೀರು ಸುರಿದು ಮುಂದಿಟ್ಟಳು,
ಪಿಯಾನೋ ಇಲ್ಲದ ಮನೆಯಲ್ಲಿ.

ವೈರು ಕಿತ್ತಾಗ ನಲವತ್ತೊಂದು.
ಮನೆ ಮೂವತ್ತೆಂಟು.
ಏರು ತಿನ್ನುತ್ತಾ ಬಂತು, ಗಾಳಿಯೂ ಎದುರು.
ಗುಡ್ಡದ ನೆತ್ತಿಗೆ ಹತ್ತೊಂಬತ್ತು, ಮನೆ ಇನ್ನೂ ಇಪ್ಪತ್ತನಾಲ್ಕು.
ಕಾಲೆತ್ತಿದೆ.
ಕಾರು ಸದ್ದಿಲ್ಲದೆ ಇಳಿಯತೊಡಗಿತು
ಹಿಮದ ಗೋಡೆಗಳ ನಡುವೆ, ಸಮುದ್ರದ ಕಡೆಗೆ.
ಇಪ್ಪತ್ತು. ಇಪ್ಪತ್ತೊಂದು.
ಮರೆತುಹೋದ ಸಾಲವನ್ನು ಯಾರೋ
ಚಿಲ್ಲರೆಯಲ್ಲಿ ತೀರಿಸುತ್ತಿದ್ದ ಹಾಗೆ
ಇಪ್ಪತ್ತಮೂರು.

ಬಂದ ನಾಲ್ಕನ್ನೂ
ಹೀಟರಿನ ಗುಂಡಿ ಒತ್ತಿ
ಅಲ್ಲೇ ಬೆರಳುಗಳಿಗೆ ಖರ್ಚು ಮಾಡಿದೆ.