ಒಂದೇ ಗೆರಿ

ಕಿರಾಣಿ ಅಂಗಡ್ಯಾಗ ಉದ್ರಿ ಬರಿಯೋ ಕೆಂಪು ರಟ್ಟಿನ ಪುಸ್ತಕ,
ಅದರಾಗ ವಿಮಾನ ಬರದೇವಿ ನಾವು.

ಮೊದಲನೇ ಹಾಳಿ ಈರಸಂಗಪ್ಪ ಪತ್ತಾರನ ಅಕ್ಷರ:
ಜಾಗ, ವಡಗಾವಿ, ಹಳೇ ಮಗ್ಗದ ಶೆಡ್ಡು.
ಬಾಗಲಾ ನಾಕು ಫೂಟು. ರೆಕ್ಕಿ ಅಗಲ ನಾಕೂವರಿ.
ಹೊರಗ ಹೆಂಗ ಬರತೈತಿ, ಆಮ್ಯಾಲ ನೋಡೂಣು.

ಎರಡನೇ ಹಾಳಿಯಿಂದ ನನ್ನ ಅಕ್ಷರ.
ಅವನ ಕೈ ಉಳಿ ಹಿಡದು ಹಿಡದು
ಪೆನ್ನು ಹಿಡದರ ಹಾಳಿ ಹರೀತಿತ್ತು.

ಉದ್ಯಮಬಾಗದಾಗ ಪ್ಯಾಟರ್ನ್ ಮಿಸ್ತ್ರಿ ಅವ.
ಮೂವತ್ತೊಂದು ವರ್ಷ ಕಟ್ಟಿಗಿ ಕೆತ್ತಿದ್ದು
ಉಸುಕಿನಾಗ ಒತ್ತಿ ತಗಿಲಿಕ್ಕೆ.
ಗುರುತು ಉಸುಕಿಗೆ, ಹೆಸರು ಕಬ್ಬಿಣಕ್ಕ,
ಕಟ್ಟಿಗಿ ಗ್ವಾಡಿ ಮೂಲಿಗೆ.
"ಅಂಬಕ್ಕ, ಒಮ್ಮೆರೆ ಕಟ್ಟಿಗೀನ ಹೋಗಲಿ ಊರ ಹೊರಗ" ಅಂದಿದ್ದ.

ನಾನು ಶಹಾಪುರದ ಖಡೇಬಜಾರದಾಗ
ಜಂಪರ ಹೊಲಿಯಾಕಿ.
ರೆಕ್ಕಿಗೂ ಅರಿವಿ ಬೇಕಂತ, ಇಸ್ತ್ರಿ ಬೇಕಂತ,
ಬಿಸಿ ಹತ್ತಿದಂಗ ಅರಿವಿ ಬಿಗೀತೈತಂತ.
ಖರೇನ. ಬಟ್ಟಿಲೆ ಬಡದರ ಹಲಗಿ ನುಡದಂಗ ನುಡೀತು.

ಮೊಳದುದ್ದ ಸೂಜಿ.
ನಾ ಮ್ಯಾಲ, ಸಾದಿಕ ಕೆಳಗ, ನಡುವ ರೆಕ್ಕಿ.
ನಾ ಚುಚ್ಚಿದ್ದನ್ನ ಅವ ಎಳೀತಿದ್ದ,
ಅವ ಕಳಿಸಿದ್ದನ್ನ ನಾ ಗಂಟು ಹಾಕತಿದ್ದೆ.
ಮೂರು ತಿಂಗಳು ಅವನ ಮಾರಿ ಕಂಡಿಲ್ಲ ನಾ,
ಸೂಜಿ ತಿರುಗಿ ಬರೂ ಹೊತ್ತಿನ ಮ್ಯಾಲ
ಅವನ ಸಿಟ್ಟು, ಅವನ ನಿದ್ದಿ ಎಲ್ಲಾ ತಿಳೀತಿತ್ತು.

ಪುಸ್ತಕಕ್ಕ ಒಂದ ಕಾಯ್ದೆ:
"ತಪ್ಪಾದರ ಒಂದೇ ಗೆರಿ ಹೊಡಿ. ಗೀಚಬ್ಯಾಡ.
ತೆಳಗಿಂದು ಓದಾಕ ಬರಬೇಕು."

ಒಂಬತ್ತನೇ ಪಕ್ಕೆಲಬಿಗೆ ಕರೆಂಟ್ ಹೋತು.
ಮೊಬೈಲ್ ಬೆಳಕಿನಾಗ ಏಳನೇ ಗಂಟು
ಬೆರಳಾಗ ಜಾರಿಧಂಗಾತು.
ಜಾರಿತೋ, ಜಾರಿಲ್ಲೋ.
ಬರದೆ: ಎಡಗಡೆ, ಒಂಬತ್ತು, ಹೊಲಿಗಿ ಹದಿನೆಂಟು, ಎಲ್ಲಾ ಸರಿ.

ಅದರ ಮ್ಯಾಲ ಪಟ್ಟಿ.
ಪಟ್ಟಿ ಮ್ಯಾಲ ಬೆಳ್ಳಿ ಬಣ್ಣ ಎರಡು ಕೈ,
ಬೆಳ್ಳಿ ಮ್ಯಾಲ ಹಳದಿ.
ಎಷ್ಟು ಬಣ್ಣ ಬಡದರೂ
ನನಗ ಆ ಎರಡು ಮಾತು ಕಾಣತಿದ್ದವು.
ಜಂಪರಿನ ಗಂಟು ಬಿಚ್ಚಿದರ
ವಾರದಾಗ ಬಂದು ಬೈದು ಹೋಗತಾರ.
ಇದು ಬೈಯಾಕ ತಿರುಗಿ ಬರೂದಲ್ಲ.

ತಪಾಸಣೆಗೆ ಎರಡ ದಿನ ಇರತ ಹೇಳಿದೆ.
ಈರಸಂಗಪ್ಪ ಚಾ ಮುಗಿಸಿದ. ಬಸಿ ಬೋರಲ ಹಾಕಿದ.
"ಬ್ಲೇಡು ತಾ."

ಹಳದಿ ಸುಲಿದ, ಬೆಳ್ಳಿ ಸುಲಿದ, ಪಟ್ಟಿ ಎಬ್ಬಿಸಿದ.
ಏಳನೇ ಗಂಟು ಅಲ್ಲೇ ಇತ್ತು,
ಉಗುರಿಗೆ ಮಿಸುಕಲಿಲ್ಲ.
ನಾ ಸೆರಗು ಬಾಯಿಗೆ ಹಚ್ಚಿ ನಿಂತೆ.
"ಇನ್ನ ಬರಿ" ಅಂದ.
ಏನಂತ ಬರೀಲಿ?

"ಎಲ್ಲಾ ಸರಿ" ಮ್ಯಾಲ ಒಂದೇ ಗೆರಿ ಹೊಡದೆ.
ತೆಳಗ ಬರದೆ:
ಗಂಟು ಸರಿ ಇತ್ತು. ಬರದದ್ದು ತಪ್ಪಿತ್ತು.
ಅಂಬವ್ವ ಹಜೇರಿ. ತಾರೀಖು, ಸಹಿ.

ತಪಾಸಣೆಯವ್ರು ಎಂಜಿನ್ ನೋಡಿದ್ದು ಅರ್ಧ ತಾಸು,
ಪುಸ್ತಕ ಓದಿದ್ದು ಮೂರು.
ಆ ಹಾಳಿಗೆ ಬೆರಳು ನಿಂತಿತು.
ಎದ್ದು ಹೋಗಿ ರೆಕ್ಕಿ ತ್ಯಾಪಿ ಸವರಿದರು.
ತಿರುಗಿ ಬಂದು ಹಾಳಿ ತಿರುವಿದರು, ಅಷ್ಟ.

ರೆಕ್ಕಿ ಬಾಗಲದಾಗ ಅಡ್ಡ ಹಿಡದರ ಬಂತು.
ಎರಡು ವರ್ಷದ ಚಿಂತಿ, ಎರಡು ನಿಮಿಷ.
ಅದನ್ನೂ ಬರದೇನಿ.

ಸಕ್ಕರಿ ಕಾರ್ಖಾನೆಯವರ ಓಡುದಾರಿ, ಬೆಳಗಿನ ಆರೂಕಾಲು.
ಸದಲಗಿ ಕ್ಯಾಪ್ಟನ್ ಒಬ್ಬರ ಒಳಗ.
ಎಲ್ಲಾರೂ ವಿಮಾನ ನೋಡಿದರು.
ನಾ ಎಡಗಡೆ ಒಂಬತ್ತನೇದು ನೋಡತಿದ್ದೆ,
ಅದು ಚಿಟ್ಟಿಯಷ್ಟ ಆಗೂತನಕ,
ಆದ ಮ್ಯಾಲೂ.

ಇಳೀತು.
ಸಾದಿಕ ಕುಣದಾಡಿ ಚಪ್ಪಲಿ ಕಳಕೊಂಡ.
ಈರಸಂಗಪ್ಪ ಬಿಸಿ ಎಂಜಿನ್ ಮಗ್ಗಲಾ ಕುಂತು
ಪುಸ್ತಕ ನನ್ನ ಕಡೆ ಸರಿಸಿದ.

ಹಾರಿದ ಹೊತ್ತು: ಹನ್ನೊಂದು ನಿಮಿಷ, ಬರದೆ.
ಮುಂದ "ಎಲ್ಲಾ" ಅಂತ ಬರದು
ಪೆನ್ನು ನಿಂತಿತು.
ಎದ್ದು ಹೋಗಿ ಸುತ್ತ ಒಂದು ಸುತ್ತು ಹಾಕಿ ಬಂದೆ.

"ಎಲ್ಲಾ" ಮ್ಯಾಲ ಒಂದೇ ಗೆರಿ.
ಎಡಗಾಲಿಗೆ ಗಾಳಿ ಕಡಿಮಿ ಐತಿ.