ದಿಬ್ಬ ಮುಚ್ಚಿದ ತಿಂಗಳುಗಳ ಲೆಕ್ಕ

ಅಂಬಾತುಲಾವದವರ ಮಾತಿನಲ್ಲಿ
ದೀನಾ ಅಂದರೆ ಊರು ಕೂಡಿ ಮಾಡಿಕೊಂಡ ಕಟ್ಟಳೆ.
ತೂಕ ಬರೆಯುವ ಕೆಲಸಕ್ಕೆ ಬಂದ ನನ್ನ ಕಿವಿಗೆ
ಅದು ಬಡವ ಎಂದೇ ಕೇಳಿತು.
ತಿದ್ದಿಕೊಳ್ಳಲು ಎರಡು ಹುಣ್ಣಿಮೆ ಹಿಡಿಯಿತು,
ಪೂರ್ತಿ ತಿದ್ದಿಕೊಂಡೆನೆಂದು ಈಗಲೂ ಹೇಳಲಾರೆ.

ಮಡಗಾಸ್ಕರಿನ ನೈಋತ್ಯದ ಕರೆ.
ನೀರು ಇಳಿದಾಗ ಹವಳದ ದಿಬ್ಬ ಬೆನ್ನು ತೋರುತ್ತದೆ.
ಹೆಂಗಸರು ಮುಖಕ್ಕೆ ಹಳದಿ ಮರದ ಗಂಧ ಬಳಿದು
ಕಬ್ಬಿಣದ ಮೊನೆಯ ಕೋಲು ಹಿಡಿದು
ಒಂದೊಂದೇ ಬಿಲ ತಡವುತ್ತ ನಡೆಯುತ್ತಾರೆ.
ಒಳಗೆ ಎಂಟು ಕೈಯ ಹುರೀಟಾ,
ನಮ್ಮ ಪಠ್ಯಪುಸ್ತಕದ ಅಷ್ಟಪದಿ;
ಇಲ್ಲಿ ಅದಕ್ಕೆ ರಾಗವಿಲ್ಲ,
ಕಿಲೋಗೆ ಇಷ್ಟೆಂದು ದರವಿದೆ.

ರಾಜಧಾನಿಯಿಂದ ಬಂದವರು
ಹುಣಸೆಮರಕ್ಕೆ ಬಟ್ಟೆಯ ನಕ್ಷೆ ಕಟ್ಟಿದರು.
ಮೂರು ತಿಂಗಳು ದಿಬ್ಬ ಮುಚ್ಚಿ,
ಅರ್ಧ ಕಿಲೋದ ಮರಿ ಎರಡು ಕಿಲೋ ಆದೀತು,
ಯಾವ ಬ್ಯಾಂಕು ಕೊಡುತ್ತದೆ ಇಂಥ ಬಡ್ಡಿ?
ಬ್ಯಾಂಕು ಕಾಣದವರೂ ತಲೆದೂಗಿದರು.
ಸುವಾಝಾರಾ ಮಾತ್ರ
ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿ
ಕೇಳಿದಳು: ಮರಿ ಬೆಳೆಯುವ ತನಕ
ಇವನು ಬೆಳೆಯುವುದನ್ನು ನಿಲ್ಲಿಸಬೇಕೋ?
ಎಲ್ಲ ನಕ್ಕರು. ಬಂದವರೂ ನಕ್ಕರು.

ನಾಳೆಯ ರೊಕ್ಕ ಇವತ್ತಿಗೆ ಎಷ್ಟು ಸಣ್ಣದು ಎನ್ನಲು
ಅವರ ಶಾಸ್ತ್ರದಲ್ಲಿ ಒಂದು ಸೂತ್ರವಿದೆ.
ಆ ದಿನ ಅದನ್ನು ಚೀಲದಿಂದ ತೆಗೆಯಲಿಲ್ಲ.
ಅವಳಿಗದು ಸೊಂಟದ ಮೇಲೇ ಗೊತ್ತಿತ್ತು.

ಕೈ ಎತ್ತಿದರು. ಅವಳೂ ಎತ್ತಿದಳು,
ಬಿಡುವಾಗಿದ್ದ ಒಂದು ಕೈ.
ಅಕ್ಷರ ಬಲ್ಲವಳೆಂದು ದಂಡದ ಪೆಟ್ಟಿಗೆಯ ಬೀಗದಕೈ
ಅವಳ ಕೊರಳಿಗೇ ಬಿತ್ತು.

ಮೊದಲ ತಿಂಗಳು ಮರಗೆಣಸು.
ಎರಡನೆಯದು, ಸಾಲದ ಮರಗೆಣಸು.
ಆಮೇಲೆ ತೆಂಕಣ ಗಾಳಿ ಹನ್ನೊಂದು ದಿನ ಬಿಡಲಿಲ್ಲ,
ದೋಣಿಗಳು ಮರಳಿಗೆ ಹೊಟ್ಟೆ ಊರಿ ಮಲಗಿದವು.
ದಿಬ್ಬವೊಂದೇ ನಡೆದು ಹೋಗುವ ದೂರದಲ್ಲಿ.

ಹನ್ನೆರಡನೆಯ ರಾತ್ರಿ ಅಲ್ಲೊಂದು ಟಾರ್ಚು.
ಹಿಡಿದು ತಂದರು: ಮಾನಿಂದ್ರಿ,
ಅವಳ ಬೆನ್ನಿಗೆ ಹುಟ್ಟಿದ ತಮ್ಮ.
ಕೈಯಲ್ಲೊಂದು ಹುರೀಟಾ, ಮುನ್ನೂರು ಗ್ರಾಂ ಇದ್ದೀತು,
ಯಾವ ಬಣ್ಣದಲ್ಲಿ ಅಡಗಬೇಕೆಂದು ತಿಳಿಯದೆ
ಬಣ್ಣ ಬದಲಿಸುತ್ತಲೇ ಇತ್ತು.

ಇಪ್ಪತ್ತು ಸಾವಿರ ಅರಿಯಾರಿ ದಂಡ.
ಸುವಾಝಾರಾ ರಸೀದಿ ಬರೆದಳು. ಹೆಸರು. ಅಪ್ಪನ ಹೆಸರು,
ಅಲ್ಲಿ ಪೆನ್ನು ತುಸು ನಿಂತಿತು.
ತಮ್ಮನ ಬಳಿ ಏನೂ ಇರಲಿಲ್ಲ.
ಅವಳೇ ಉಟ್ಟ ಬಟ್ಟೆಯ ಗಂಟು ಬಿಚ್ಚಿ
ತನ್ನ ಹಣ ತನ್ನ ಕೈಗೇ ಎಣಿಸಿಕೊಟ್ಟು
ಪೆಟ್ಟಿಗೆ ತೆರೆದು, ಹಾಕಿ, ಬೀಗ ಜಡಿದಳು.

ದಿಬ್ಬ ತೆರೆದ ದಿನ ಹಬ್ಬವೇ. ಸುಳ್ಳು ಹೇಳಬಾರದು,
ನಕ್ಷೆ ಹೇಳಿದ್ದು ನಿಜವಾಯಿತು: ಎರಡು ಕಿಲೋ, ಎರಡೂವರೆ,
ಒಂದು ಮುದುಕಿಯ ತೋಳಿಗೆ ಸುತ್ತಿಕೊಂಡದ್ದನ್ನು
ಇಬ್ಬರು ಸೇರಿ ಬಿಡಿಸಬೇಕಾಯಿತು.
ಆದರೆ ಕರೆಯುದ್ದಕ್ಕೂ ಎಲ್ಲ ಊರೂ ತೆರೆದದ್ದು ಅದೇ ದಿನ.
ಮಂಜುಗಡ್ಡೆಯ ಲಾರಿ ಒಂದೇ.
ವ್ಯಾಪಾರಿ ತ್ಸಿಲಾವು ತಕ್ಕಡಿಯ ಕೊಕ್ಕೆ ಒರೆಸುತ್ತ
ದರವನ್ನು ಅರ್ಧಕ್ಕೆ ಇಳಿಸಿದ.
ಮೂರು ತಿಂಗಳು ಕಾಯಲು ಕಲಿತವರು
ಬಿಸಿಲೇರುವ ತನಕ ಕಾಯಲಾರದೆ ಕೊಟ್ಟರು.
ಆದರೂ ಮಿಕ್ಕಿತು. ನಾನೇ ಕೂಡಿಸಿ ನೋಡಿದೆ,
ಎರಡು ಸಲ. ಮಿಕ್ಕಿತು.

ವರ್ಷದ ಕೊನೆಗೆ ವರದಿ ಬಂತು, ಹೊಳೆಯುವ ಹಾಳೆ.
ಫ್ರೆಂಚಿನಲ್ಲಿತ್ತು; ನನ್ನಿಂದ ಓದಿಸಿಕೊಂಡಳು.
‘ಕಟ್ಟಳೆಯ ಪಾಲನೆ ತೃಪ್ತಿಕರ.
ಸಮುದಾಯದ ನಿಧಿಯಲ್ಲಿ ಇಪ್ಪತ್ತು ಸಾವಿರದ ಹೆಚ್ಚಳ.’
ನಿಲ್ಲಿಸು ಅಂದಳು. ಇನ್ನೊಮ್ಮೆ ಓದು ಅಂದಳು.
ಹೆಚ್ಚಳ ಎಲ್ಲಿದೆ ಎಂದು ಕೇಳಿ
ಆ ಪದದ ಮೇಲೆ ಬೆರಳಿಟ್ಟು,
‘ಇದು ನಾನು’ ಅಂದಳು.

ನಾಳೆ ಮತ್ತೆ ಹುಣಸೆಮರದಡಿ ಸಭೆ.
ಮುಚ್ಚೋಣ, ಮೂರೇ ತಿಂಗಳು, ಅನ್ನುತ್ತಾಳಂತೆ.
ಊರೂರಿಗೆ ಬೇರೆ ದಿನ ತೆರೆಯಲಿ.
ಮತ್ತೆ ಗಾಳಿ ಬಿಡದಿದ್ದರೆ, ನಾಲ್ಕನೆಯ ದಿನಕ್ಕೆ,
ದಿಬ್ಬವನ್ನಲ್ಲ,
ಪೆಟ್ಟಿಗೆಯನ್ನು ತೆರೆಯಬೇಕು.
ಅಷ್ಟು ಹೇಳಿ ಕೋಲಿನ ಮೊನೆಯನ್ನು
ಕಲ್ಲಿಗೆ ತಿಕ್ಕುತ್ತ ಕೂತಳು.